ಇಂಗುಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಅಮೆರಿಕದ ಫ್ಲೋರಿಡಾದಲ್ಲಿ ಮನೆಗಳ ಸೆಪ್ಟಿಕ್ ಟ್ಯಾಂಕಿನ ನೀರು ಕಡಲಂಚಿನ ಲಗೂನನ್ನು ಕೆಡಿಸಿತೆಂದು ಓದಿದೆ. ಟ್ಯಾಂಕಿನಿಂದ ಇಂಗುಗುಂಡಿಗೆ ಇಳಿದ ನೀರು ಮಣ್ಣಿನಲ್ಲಿ ಸೋಸಿ ಶುದ್ಧವಾಗುವುದಿಲ್ಲವೇ? ಒಳಚರಂಡಿಯಿಲ್ಲದ ನಮ್ಮ ಬಡಾವಣೆಗೂ ಇದಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮಣ್ಣು ಸೋಸುತ್ತದೆ ಎಂಬುದು ಅರ್ಧ ನಿಜ. ಗಸಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ರೋಗಾಣುಗಳಲ್ಲಿ ಬಹುಪಾಲು ಮಣ್ಣಿನಲ್ಲಿ ಸಿಕ್ಕಿ ಸಾಯುತ್ತವೆ. ಆದರೆ ಮೂತ್ರದಲ್ಲಿರುವ ಯೂರಿಯಾ ಮೊದಲು ಅಮೋನಿಯಾ ಆಗಿ, ಬಳಿಕ ಗಾಳಿಯಾಡುವ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗಿ ಮಾರ್ಪಡುತ್ತದೆ, ಮತ್ತು ಈ ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಡಲಾರವು. ಬಣ್ಣ, ವಾಸನೆಗಳಿಲ್ಲದ ಅದು ಅಂತರ್ಜಲ ಹರಿದತ್ತ ತಾನೂ ಹರಿಯುತ್ತದೆ.

ಲಗೂನ್ ಎಂದರೆ ಮರಳುದಿಬ್ಬದ ಹಿಂದೆ ನಿಂತ, ಕಿರಿದಾದ ಬಾಯಿಗಳಿಂದ ಮಾತ್ರ ಕಡಲಿಗೆ ಕೂಡಿಕೊಂಡ, ಹೆಚ್ಚು ಆಳವಿಲ್ಲದ ಉಪ್ಪುನೀರು. ಒಡಿಶಾದ ಚಿಲಿಕಾ ಅಂಥದ್ದೇ. ಒಳಬಂದದ್ದು ಅಲ್ಲಿಂದ ಬೇಗ ಹೊರಹೋಗದು. ಕಡಲನೀರಿನಲ್ಲಿ ಪಾಚಿಯ ಬೆಳವಣಿಗೆಯನ್ನು ಸಾಮಾನ್ಯವಾಗಿ ತಡೆದಿಡುವುದು ಸಾರಜನಕದ ಕೊರತೆಯೇ ಆದ್ದರಿಂದ, ನೈಟ್ರೇಟಿನ ರೂಪದಲ್ಲಿ ಅದು ಧಾರಾಳವಾಗಿ ಸಿಕ್ಕಾಗ ಪಾಚಿ ಹಬ್ಬಿ, ನೀರು ಮಬ್ಬಾಗಿ, ತಳದ ಕಡಲಹುಲ್ಲಿಗೆ ಬಿಸಿಲು ತಪ್ಪುತ್ತದೆ. ಹುಲ್ಲು ಸಾಯುವುದು ಮುಖ್ಯವಾಗಿ ಈ ಕತ್ತಲೆಯಿಂದ. ಬೇರಿನ ಹಿಡಿತ ತಪ್ಪಿದ ಕೆಸರು ಮೇಲೆದ್ದು ಮಬ್ಬು ಇನ್ನಷ್ಟು ದಟ್ಟವಾಗುತ್ತದೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳೂ ಸಾಯುತ್ತವೆ. ನೀವು ಓದಿರುವುದು ಬಹುಶಃ ಸುಮಾರು 250 ಕಿ.ಮೀ. ಉದ್ದದ ಇಂಡಿಯನ್ ರಿವರ್ ಲಗೂನಿನ ವಿಷಯ. ಅಲ್ಲಿ 2011ರಿಂದ ಪಾಚಿ ಮತ್ತೆ ಮತ್ತೆ ಹಬ್ಬಿ, ಅರ್ಧಕ್ಕಿಂತ ಹೆಚ್ಚು ಹುಲ್ಲುನೆಲ ಬರಿದಾಯಿತು. 2021ರಲ್ಲಿ ಫ್ಲೋರಿಡಾದಲ್ಲಿ ಸಾವಿರಕ್ಕೂ ಹೆಚ್ಚು ಮ್ಯಾನಟೀಗಳು ಸತ್ತವು. ಕಡಲಹಸುವಿನ ಬಂಧುಗಳಾದ ಈ ಸಾಧುಪ್ರಾಣಿಗಳಲ್ಲಿ ಅನೇಕವು ಮೇವಿಲ್ಲದೆ ಹಸಿದು ಸತ್ತವೆಂಬುದು ಬಹಳ ನೋವಿನ ಸಂಗತಿ. ಗೊಬ್ಬರ ಮತ್ತು ಮಳೆನೀರಿನ ಕೊಚ್ಚೆಯೂ ಇದಕ್ಕೆ ಕಾರಣ, ಆದರೆ ಮನೆಗಳ ಪಾಲು ಸಣ್ಣದಲ್ಲ.

ಚಿತ್ರದುರ್ಗದಿಂದ ಕಡಲು ದೂರ. ನಿಮ್ಮ ಗುಂಡಿಯ ನೈಟ್ರೇಟ್ ಮೊದಲು ಸೇರುವುದು ನಿಮ್ಮದೋ ನೆರೆಯವರದೋ ಕೊಳವೆಬಾವಿಯನ್ನು, ಮತ್ತು ನನಗೆ ಹೆಚ್ಚಿನ ಆತಂಕ ಅದರದೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಎಳೆಗೂಸುಗಳ ರಕ್ತ ಆಮ್ಲಜನಕವನ್ನು ಸರಿಯಾಗಿ ಒಯ್ಯಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟಿನ ಸಾಂದ್ರತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಕೂಸಿದ್ದರೆ, ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಅದರಲ್ಲಿ ಹಾಲಿನ ಪುಡಿ ಕಲಸಬೇಡಿ.