ಮಾಗಡಿ ಕೆರೆಯ ಹೆಬ್ಬಾತು ಮಂಗೋಲಿಯಾದ್ದು ಅಂತ ಹೇಗೆ ಗೊತ್ತಾಯಿತು?

ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಮಂಗೋಲಿಯಾದಿಂದ ಹೆಬ್ಬಾತು ಬಂದವು ಅಂತ ಪೇಪರಿನವರು ಪ್ರತಿ ವರ್ಷ ಬರೆಯುತ್ತಾರೆ, ಯಾರಾದರೂ ಅವುಗಳ ಬೆನ್ನು ಹತ್ತಿ ಹೋಗಿ ನೋಡಿದ್ದಾರಾ ಅಂತ ಕೇಳಿದ್ದೀರಿ. ಅನುಮಾನ ಸರಿಯಾಗಿಯೇ ಇದೆ. ನಾನು ವಿಜ್ಞಾನಿಯಲ್ಲ, ಗದಗ ಕಡೆಯವನು, ಚಳಿ ಶುರುವಾದರೆ ದುರ್ಬೀನು ಹೊತ್ತು ಆ ಕೆರೆ ದಂಡೆಯಲ್ಲಿ ಕೂರುವವನು. ನೋಡಿ, ಓದಿ ತಿಳಿದಷ್ಟು ಹೇಳುತ್ತೇನೆ.

ಹಕ್ಕಿಗೆ ಗುರುತು ಹಾಕುವ ಕೆಲಸ ನಡೆಯುವುದು ಹೆಚ್ಚಾಗಿ ಅವು ಮರಿ ಮಾಡುವ ಕಡೆಯೇ. ಮಾಗಡಿಗೆ ಬರುವ ಈ ಪಟ್ಟೆತಲೆ ಹೆಬ್ಬಾತು ಬೇಸಿಗೆಯಲ್ಲಿ ಮರಿ ಮಾಡುವ ಜಾಗದಲ್ಲಿ ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಮ್ಮೆಲೇ ಉದುರಿಸುತ್ತದೆ. ಹೊಸ ಗರಿ ಮೂಡುವ ತನಕ ಕೆಲವು ವಾರ ಹಾರಲಾರದು. ಮಂಗೋಲಿಯಾದ ತೆರ್ಖಿನ್ ಸಗಾನ್ ಸರೋವರದಂಥ ಕಡೆ ಸಂಶೋಧಕರು ಆ ಹೊತ್ತಿಗೇ ಕಾದು ಹಿಡಿಯುತ್ತಾರೆ. ಕಾಲಿಗೆ ಲೋಹದ ಉಂಗುರ, ಕೊರಳಿಗೆ ಅಕ್ಷರ ಬರೆದ ಪ್ಲಾಸ್ಟಿಕ್ ಪಟ್ಟಿ.

ಅಂಥ ಪಟ್ಟಿಯನ್ನು ನನಗೆ ಮೊದಲು ತೋರಿಸಿದವರು ಪಕ್ಕದ ಹೊಲದ ಶೇಂಗಾ ಬೆಳೆಗಾರರು. "ಸರ, ಅದರ ಕೊಳ್ಳಾಗ ಹಸರ ಪಟ್ಟಿ ಐತಿ ನೋಡ್ರಿ" ಅಂದರು. ಹಸಿರು ಪಟ್ಟಿ ಅಂದರೆ ಮಂಗೋಲಿಯಾದಲ್ಲಿ ಹಾಕಿದ್ದು. ಅಕ್ಷರ ಓದೋಣವೆಂದರೆ ಹಕ್ಕಿ ಕತ್ತು ಮಡಚಿ ಮಲಗಿತ್ತು. ಎರಡು ತಾಸು ಕೂತೆ. ಕೊನೆಗೆ ತಲೆ ಎತ್ತಿದಾಗ ಬಿಸಿಲ ಝಳಕ್ಕೆ ಎಲ್ಲ ಅಲುಗಾಡಿ ಒಂದಕ್ಷರ ಮಾತ್ರ ಸಿಕ್ಕಿತು. ಅರ್ಧ ಓದಿದರೆ ಪ್ರಯೋಜನವಿಲ್ಲ. ಪೂರ್ತಿ ಸಂಕೇತ ಸಿಕ್ಕರಷ್ಟೇ ಅದು ಯಾವ ಹಕ್ಕಿ, ಎಲ್ಲಿ, ಯಾವಾಗ ಹಿಡಿದದ್ದು ಅಂತ ತಿಳಿಯುವುದು.

ಈ ಉಂಗುರದ ಉಪಾಯ ಹಳೆಯದು. 1899ರಲ್ಲಿ ಡೆನ್ಮಾರ್ಕಿನ ಮೇಷ್ಟ್ರು ಮೊರ್ಟೆನ್ಸನ್ ಎಂಬವರು ಕಬ್ಬಕ್ಕಿ ಜಾತಿಯ ಹಕ್ಕಿಗಳ ಕಾಲಿಗೆ ಅಂಕಿ ಕೆತ್ತಿದ ಅಲ್ಯೂಮಿನಿಯಂ ಉಂಗುರ ಹಾಕಿ ಶುರುಮಾಡಿದರು. ಆದರೆ ಉಂಗುರ ಹೇಳುವುದು ಎರಡೇ ಮಾತು: ಹೊರಟದ್ದು ಎಲ್ಲಿಂದ, ಕಂಡದ್ದು ಎಲ್ಲಿ. ನಡುವಿನ ಹಿಮಾಲಯ ಖಾಲಿ.

ಅದನ್ನು ತುಂಬಿದ್ದು ಉಪಗ್ರಹ. ಬೆನ್ನಿಗೆ ಕಟ್ಟಿದ ಸೌರಶಕ್ತಿಯ ಜಿಪಿಎಸ್ ಯಂತ್ರ ಹಕ್ಕಿ ಇರುವ ಜಾಗ, ಎತ್ತರ ಕಳಿಸುತ್ತಿರುತ್ತದೆ. ಬೆನ್ನು ಹತ್ತಿ ಹೋಗುವುದು ಅಂದರೆ ಇದೇ. ಈ ಹಕ್ಕಿ ಎವರೆಸ್ಟ್ ಮೇಲೆ ಹಾರುತ್ತದೆ ಅಂತ ನಾವೆಲ್ಲ ಕೇಳಿದ್ದೇವಲ್ಲ? 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್, ಎವರೆಸ್ಟಿಗಿಂತ ಒಂದೂವರೆ ಸಾವಿರ ಮೀಟರ್ ಕೆಳಗೆ. ಹೆಚ್ಚಿನ ಹಾರಾಟ ಇನ್ನೂ ತಗ್ಗಿನಲ್ಲೇ. 2015ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಹಕ್ಕಿಯ ದೇಹದೊಳಗೆ ಎದೆಬಡಿತ ಅಳೆಯುವ ಯಂತ್ರ ಇಟ್ಟು ನೋಡಿದರೆ, ಅದು ಮೇಲೇರಿ ಅಲ್ಲೇ ಸಾಗುವುದಿಲ್ಲ. ಗುಡ್ಡ ಬಂದರೆ ಏರುತ್ತದೆ, ಕಣಿವೆ ಬಂದರೆ ಮತ್ತೆ ಇಳಿಯುತ್ತದೆ. ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ ಇಳಿದು ಏರುವುದೇ ಅಗ್ಗ. ನನಗಂತೂ ಎವರೆಸ್ಟ್ ಕಥೆಗಿಂತ ಇದೇ ರುಚಿ.

ಎಲ್ಲ ಪ್ರಾಣಿಗೂ ಯಂತ್ರ ಕಟ್ಟಲಾಗದು. ಭಾರ ದೇಹತೂಕದ ಶೇಕಡಾ 3ರಿಂದ 5 ಮೀರಬಾರದು ಅನ್ನುವುದು ರೂಢಿ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಅಮೂರ್ ಚಾಣಗಳಿಗೆ ಕಟ್ಟಿದ್ದು 5 ಗ್ರಾಮಿನದು. ಆ ಪುಟ್ಟ ಹಕ್ಕಿಗಳು ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಮುಟ್ಟಿದ್ದು ಅದರಿಂದ ತಿಳಿಯಿತು. ನಾವು ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟುತ್ತಿದ್ದ ಏರೋಪ್ಲೇನ್ ಚಿಟ್ಟೆಗೆ ಏನು ಕಟ್ಟುತ್ತೀರಿ? ಅವುಗಳಲ್ಲಿ ಒಂದು ಜಾತಿ ಪ್ರತಿ ಅಕ್ಟೋಬರಿನಲ್ಲಿ ಮಾಲ್ಡೀವ್ಸಿಗೆ ಹಿಂಡುಹಿಂಡಾಗಿ ಬರುತ್ತದೆ. ಅಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಕೆರೆಕುಂಟೆ ಇಲ್ಲವೆಂಬಷ್ಟು ಕಡಿಮೆ. ಹಾಗಾದರೆ ಹುಟ್ಟಿದ್ದು ಎಲ್ಲಿ? ತಿಳಿಯಲು ರೆಕ್ಕೆಯಲ್ಲಿನ ಹೈಡ್ರೋಜನ್ನಿನ ಹಗುರ, ಭಾರದ ಬಗೆಗಳನ್ನು ಅಳೆದರು. ಮಳೆನೀರಿನಲ್ಲಿ ಇವುಗಳ ಪ್ರಮಾಣ ಊರಿಂದೂರಿಗೆ ಬೇರೆ, ಚಿಟ್ಟೆ ಮರಿಹುಳುವಾಗಿ ಬೆಳೆದ ನೀರಿನ ಗುರುತು ರೆಕ್ಕೆಯಲ್ಲಿ ಉಳಿದಿರುತ್ತದೆ. ಅದು ತೋರಿಸಿದ್ದು ಉತ್ತರ ಭಾರತ ಅಥವಾ ಅದರಾಚೆ.

ನೀವು ಮಾಗಡಿಗೆ ಬರುವುದಾದರೆ ಡಿಸೆಂಬರಿನಲ್ಲಿ ಬೆಳಿಗ್ಗೆ ಬನ್ನಿ, ಹೊಲದಲ್ಲಿ ಮೇದ ಹಕ್ಕಿ ಕೆರೆಗೆ ವಾಪಸಾಗಿರುತ್ತದೆ. ಪಟ್ಟಿ ಕಂಡರೆ ಬಣ್ಣ, ಅಕ್ಷರ, ತಾರೀಖು ಬರೆದುಕೊಂಡು ಒಂದು ಫೋಟೋ ತೆಗೆಯಿರಿ. ಹತ್ತಿರ ಹೋಗಿ ಎಬ್ಬಿಸಬೇಡಿ, ನಾನು ಅಲ್ಲೇ ಎಲ್ಲೋ ಉಳಿದ ಅಕ್ಷರಕ್ಕೆ ಕಾಯುತ್ತ ಕೂತಿರುತ್ತೇನೆ.