ಹಸಿರು ನೀರು, ಸೊರಗಿದ ಕಾಟ್ಲಾ: ಗೊಬ್ಬರ ಹಾಕುವ ಮುಂಚೆ ಇಷ್ಟು ನೋಡಿ

ಸರ್, ಸಣ್ಣ ಜಲಾಶಯದಲ್ಲಿ ಕಾಟ್ಲಾ ಬಿಟ್ಟಿದ್ದೀರಿ, ನೀರು ಕಡು ಹಸಿರಾಗಿದೆ, ಆದರೂ ಮೀನು ಮೈ ಹಿಡಿಯುತ್ತಿಲ್ಲ. ಹಗಲಲ್ಲಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ಹಿಡಿಯುವ ಬಲೆ ಎಳೆದರೆ ಹಸಿರು ಲೋಳೆ ಬಿಟ್ಟು ಏನೂ ಬರಲಿಲ್ಲ, ಇನ್ನಷ್ಟು ಕೋಳಿ ಗೊಬ್ಬರ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗ ಹಾಕಬೇಡಿ.

ನೀರು ಹಸಿರಿದ್ದರೆ ಪಾಚಿ ಇದೆ ಎಂದರ್ಥ, ಅಷ್ಟೇ. ಕಾಟ್ಲಾಗೆ ಮುಖ್ಯವಾಗಿ ಬೇಕಿರುವುದು ಪ್ರಾಣಿ ಪ್ಲಾಂಕ್ಟನ್, ಅಂದರೆ ಪಾಚಿ ಮುಂತಾದವನ್ನು ತಿಂದು ಬದುಕುವ ಸಣ್ಣ ಸಣ್ಣ ಪ್ರಾಣಿಗಳು: ರೋಟಿಫರ್, ಮೊಯಿನಾದಂಥ ನೀರುಚಿಗಟಗಳು, ಕೋಪೆಪಾಡ್. ಪಾಚಿಯಿಂದ ಇವುಗಳವರೆಗೆ ಮೇವು ತಲುಪುತ್ತಿಲ್ಲ ಅನ್ನುವುದೇ ನಿಮ್ಮ ಸಮಸ್ಯೆ ಅಂತ ನನಗನ್ನಿಸುತ್ತದೆ.

ಮೊದಲು ಯಾವ ಪಾಚಿ ಅಂತ ತಿಳಿಯಿರಿ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಅಲುಗಾಡಿಸದೆ ಇಡಿ. ಹಸಿರೆಲ್ಲ ಸಣ್ಣ ಸಣ್ಣ ಕಾಳಿನಂತೆ ಮೇಲೆದ್ದು ಪದರ ಕಟ್ಟಿದರೆ ಅದು ಬಹುತೇಕ ಮೈಕ್ರೋಸಿಸ್ಟಿಸ್, ನೀಲಿ-ಹಸಿರು ಪಾಚಿ. ಅದರ ಕೋಶದೊಳಗೆ ಗಾಳಿಚೀಲಗಳಿರುವುದರಿಂದ ತೇಲುತ್ತದೆ. ಲೋಳೆ ಸುತ್ತಿಕೊಂಡ ಆ ಗುಂಪುಗಳನ್ನು ರೋಟಿಫರ್ ನುಂಗಲಾರದು. ನುಂಗಿದರೂ ಪುಷ್ಟಿ ಕಡಿಮೆ, ಬೆಳವಣಿಗೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಶ ಇಲ್ಲವೇ ಇಲ್ಲ ಎನ್ನಬಹುದು. ಕೆಲವು ತಳಿ ಮೈಕ್ರೋಸಿಸ್ಟಿನ್ ಎಂಬ ವಿಷವನ್ನೂ ಮಾಡುತ್ತವೆ. ಕುಡಿಯುವ ನೀರಿನಲ್ಲಿ ದೀರ್ಘಕಾಲಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮಾತ್ರ. ಹಾಗಾಗಿ ಪದರ ಕಟ್ಟಿದ ಕಡೆ ದನಕರು ನೀರು ಕುಡಿಯದಂತೆ ನೋಡಿಕೊಳ್ಳಿ.

ಯಾರೂ ತಿನ್ನದ ಪಾಚಿ ಎಲ್ಲಿ ಹೋಗುತ್ತದೆ? ಸತ್ತು ಕರಗಿ ಬ್ಯಾಕ್ಟೀರಿಯಾ ಪಾಲಾಗುತ್ತದೆ. ಇಂಥ ನೀರಿನ ಒಂದು ಮಿಲಿಲೀಟರಿನಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅವನ್ನು 2ರಿಂದ 20 ಮೈಕ್ರಾನಿನ ಫ್ಲಾಜೆಲೇಟ್‌ಗಳು (ಬಾಲದಂಥ ಎಳೆಯಿಂದ ಈಜುವ ಏಕಕೋಶ ಜೀವಿಗಳು) ತಿನ್ನುತ್ತವೆ, ಅವನ್ನು ಸಿಲಿಯೇಟ್‌ಗಳು (ಮೈಮೇಲೆ ಸಣ್ಣ ರೋಮಗಳಿರುವ ಏಕಕೋಶ ಜೀವಿಗಳು), ಅವನ್ನು ರೋಟಿಫರ್ ಮತ್ತು ಕೋಪೆಪಾಡ್. 1983ರಲ್ಲಿ ಅಜಾಮ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸಮುದ್ರದ ವಿಷಯದಲ್ಲಿ ಇದನ್ನು ಸೂಕ್ಷ್ಮಜೀವಿ ಕುಣಿಕೆ ಎಂದು ವಿವರಿಸಿದರು, ಸಿಹಿನೀರಿನಲ್ಲೂ ಅದೇ ನಡೆಯುತ್ತದೆ. ದಾರಿ ಉದ್ದವಾದಷ್ಟೂ ನಷ್ಟ ಜಾಸ್ತಿ. ಪ್ರತಿ ಹಂತದಲ್ಲೂ ದೊಡ್ಡ ಪಾಲು ಉಸಿರಾಟಕ್ಕೇ ಖರ್ಚು, ನೀರು 28–30 ಡಿಗ್ರಿ ಇದ್ದಾಗ ಆ ಖರ್ಚು ಇನ್ನೂ ಹೆಚ್ಚು. ಮೀನಿನ ಬಾಯಿಗೆ ಬರುವ ಹೊತ್ತಿಗೆ ಉಳಿಯುವುದು ಚೂರು. ಹಾಗಂತ ಇದು ವ್ಯರ್ಥವಲ್ಲ. ಬ್ಯಾಕ್ಟೀರಿಯಾದಲ್ಲಿ ಸಿಕ್ಕಿಬಿದ್ದ ಸಾರಜನಕ, ರಂಜಕವನ್ನು ಮತ್ತೆ ನೀರಿಗೆ ಬಿಡುವುದು ಈ ಫ್ಲಾಜೆಲೇಟ್‌ಗಳೇ. ನೀವು ಗೊಬ್ಬರ ಹಾಕದಿದ್ದರೂ ನೀರು ಹಸಿರಾಗಿಯೇ ಉಳಿಯಲು ಅದೂ ಒಂದು ಕಾರಣ.

ಫ್ಲಾಜೆಲೇಟ್, ಸಿಲಿಯೇಟ್‌ನಂಥ ಈ ಸಣ್ಣ ಜೀವಿಗಳು 60 ಮೈಕ್ರಾನ್ ಬಲೆಯಲ್ಲಿ ಬಹುತೇಕ ಸೋರಿಹೋಗುತ್ತವೆ. ಬಲೆ ಬಿಟ್ಟು ನೇರ ನೀರು ತೆಗೆದುಕೊಳ್ಳಿ, ತಿಳಿ ಚಹಾದ ಬಣ್ಣ ಬರುವವರೆಗೆ ಲುಗಾಲ್ ಅಯೋಡಿನ್ (ಜೀವಿಗಳನ್ನು ಕೆಡದಂತೆ ಇಡುವ ದ್ರಾವಣ) ಹನಿಸಿ, ಎತ್ತರದ ಲೋಟದಲ್ಲಿ ಒಂದು ದಿನ ಬಿಟ್ಟು, ಮೇಲಿನ ನೀರು ನಿಧಾನ ಹೀರಿ ತೆಗೆದು ತಳದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಮುಳ್ಳುಗಳಿರುವ ಕೆರಟೆಲ್ಲಾ ಎಂಬ ರೋಟಿಫರ್‌ನ ಚಿಪ್ಪು, ದುಂಡನೆಯ ಸಿಲಿಯೇಟ್ ಕಂಡರೆ ಸರಪಳಿ ಪೂರ್ತಿ ಕಡಿದಿಲ್ಲ.

ಇನ್ನೊಂದು ಅನುಮಾನ, ಮರಿ ಬಿತ್ತನೆ ಹೆಚ್ಚಾಗಿರಬಹುದು. ಉಷ್ಣವಲಯದ ನೀರಿನಲ್ಲಿ ವರ್ಷವಿಡೀ ಮೀನಿನ ಕಾಟ ಇರುವುದರಿಂದ ಡಾಫ್ನಿಯಾ ಎಂಬ ದೊಡ್ಡ ನೀರುಚಿಗಟ ಅಪರೂಪ. ಇರುವ ಚಿಕ್ಕವನ್ನೂ ಮರಿಗಳು ಬಾಚಿ ತಿಂದರೆ ಪಾಚಿ ಮೇಯುವವರೇ ಇರುವುದಿಲ್ಲ. ಪಾಚಿ ತಿನ್ನಲಿ ಅಂತ ಬೆಳ್ಳಿ ಗೆಂಡೆ ಬಿಡಲು ಅವಸರ ಮಾಡಬೇಡಿ, ಅದು ರೋಟಿಫರನ್ನೂ ಸೋಸಿ ತಿನ್ನುತ್ತದೆ.

ಗೊಬ್ಬರ ಬೇಡ ಎಂದಿದ್ದಕ್ಕೆ ದೊಡ್ಡ ಕಾರಣ ಆಮ್ಲಜನಕ. 30 ಡಿಗ್ರಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲಕ್ಕೂ ಅದೇ ಬೇಕು, ಗೊಬ್ಬರ ಹಾಕಿದರೆ ಪಾಚಿ, ಬ್ಯಾಕ್ಟೀರಿಯಾ ಇನ್ನೂ ಹೆಚ್ಚುತ್ತವೆ. ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಮೀನಿಗೆ ಅಪಾಯ ಹತ್ತಿರದಲ್ಲಿದೆ. ನೀರಿನ ತಿಳಿ ಅಳೆಯಲು ಇಳಿಬಿಡುವ ಸೆಕ್ಕಿ ತಟ್ಟೆ 20 ಸೆಂಟಿಮೀಟರಿನೊಳಗೇ ಮರೆಯಾದರೂ ಗೊಬ್ಬರದ ಮಾತೇ ಬೇಡ.

ಬಲೆಯನ್ನು ಒಮ್ಮೆ ರಾತ್ರಿ ಎಳೆದು ನೋಡಿ. ಕೋಪೆಪಾಡ್ ಮುಂತಾದವು ಹಗಲು ಆಳಕ್ಕಿಳಿದು ಕತ್ತಲಾದ ಮೇಲೆ ಮೇಲೆ ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ಹನಿಯ ಫೋಟೋ, ತಟ್ಟೆಯ ಅಳತೆ, ಬೆಳಗಿನ ಜಾವದ ಆಮ್ಲಜನಕ ಮೂರನ್ನೂ ಇಲ್ಲಿ ಹಾಕಿ, ಬಿತ್ತನೆ ಎಷ್ಟು ಇಳಿಸಬೇಕು ಅಂತ ಆಮೇಲೆ ಲೆಕ್ಕ ಹಾಕೋಣ.