ಮಾಗ್ಡೆಬುರ್ಗ್‌ಗೆ ಹೊರಟಿರುವ ತಂಗಿಗೆ

ತಂಗಿ,

ನಿನ್ನ ಪ್ರಶ್ನೆ ಓದಿದೆ. ತಿಪಟೂರಿನ ಹುಡುಗಿ ಅಕ್ಟೋಬರ್‌ನಲ್ಲಿ ಜರ್ಮನಿಯ ಮಾಗ್ಡೆಬುರ್ಗ್‌ಗೆ ಎಂ.ಎಸ್ ಮಾಡಲು ಹೊರಟಿದ್ದಾಳೆ ಅಂದರೆ ನನಗೇ ಖುಷಿ. ವೀಸಾ ಬಂದಿದೆ, ಮನೆಯಲ್ಲಿ ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ ಅಂತ ಬರೆದಿದ್ದೀಯ. ತಿಂಗಳಿಗೆ ಎಷ್ಟು ದುಡ್ಡು ಬೇಕು, ಪಾರ್ಟ್ ಟೈಮ್ ಕೆಲಸದಲ್ಲಿ ಖರ್ಚು ತೂಗಿಸಬಹುದಾ, ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ, ಜರ್ಮನ್ ಬರದಿದ್ದರೆ ನಡೆಯುತ್ತಾ ಅಂತ ಕೇಳಿದ್ದೀಯ. ಕೊನೆಗೆ, "ದಿನನಿತ್ಯ ನಿಜವಾಗಿ ಕಷ್ಟ ಅನ್ನಿಸೋದು ಏನು ಅಕ್ಕ?" ಅಂದಿದ್ದೀಯ. ಮೊದಲ ನಾಲ್ಕಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಕೊನೆಯದನ್ನು ಸ್ವಲ್ಪ ಕೂತು ಹೇಳಬೇಕು.

ದುಡ್ಡಿನ ಲೆಕ್ಕ ನಿನಗೆ ಅರ್ಧ ಗೊತ್ತೇ ಇದೆ. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ವೀಸಾಗೆ ಅಂತ ಮೊದಲೇ ದುಡ್ಡು ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆಯಲ್ಲಿ, 11,904 ಯೂರೋ ಇಟ್ಟಿದ್ದೀಯಲ್ಲ, ಅದರಿಂದ ತಿಂಗಳಿಗೆ 992 ಯೂರೋ ನಿನ್ನ ಕೈಗೆ ಬರುತ್ತದೆ. ಆರೋಗ್ಯ ವಿಮೆಗೇ 150 ಯೂರೋ ಆಸುಪಾಸು ಹೋಗುತ್ತದೆ. ಬಾಡಿಗೆ ಮ್ಯೂನಿಕ್‌ನಷ್ಟು, ನಾನಿರುವ ಸ್ಟುಟ್‌ಗಾರ್ಟ್‌ನಷ್ಟು ಅಲ್ಲಿ ಇಲ್ಲ. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಸಾಕಾಗುತ್ತದೆ. ಕಷ್ಟ ಆಗುವುದು ಮೊದಲ ತಿಂಗಳು. ರೂಮಿಗೆ ಅಡ್ವಾನ್ಸ್ ಕೊಡಬೇಕು. ಇಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆ ತಾನೇ ಆ 992 ಬರುವುದು? ಅಲ್ಲಿಯವರೆಗೆ ಕೈಯಲ್ಲಿ ಬೇರೆ ದುಡ್ಡು ಇರಲಿ. ಇನ್ನೊಂದು ವಿಷಯ, ವಿಳಾಸ ನೋಂದಣಿ ಆದ ಸ್ವಲ್ಪ ದಿನಕ್ಕೆ ಟಿವಿ, ರೇಡಿಯೋ ಶುಲ್ಕ ಕಟ್ಟು ಅಂತ ಕಾಗದ ಬರುತ್ತದೆ. ಅದು ಮೋಸದ ಕಾಗದ ಅಲ್ಲ. ಮನೆಯಲ್ಲಿ ಟಿವಿ ಇರಲಿ ಬಿಡಲಿ ತಿಂಗಳಿಗೆ 18.36 ಯೂರೋ. ಆದರೆ ಅದು ಒಂದು ಮನೆಗೆ ಒಂದೇ. ಜೊತೆಗಿರುವವರಲ್ಲಿ ಯಾರಾದರೂ ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರ್ ಬರೆದು ಕಳಿಸು, ನಿನ್ನ ಪಾಲು ಅವರಿಗೆ ಕೊಡು.

ಕೆಲಸ ಸಿಗುತ್ತದೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ನಮ್ಮ ಕಾಲಕ್ಕೆ 120 ದಿನ ಇತ್ತು, 2024ರಲ್ಲಿ ಜಾಸ್ತಿ ಮಾಡಿದರು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಯೂನಿವರ್ಸಿಟಿ ಒಳಗೇ ಪ್ರೊಫೆಸರ್ ಹತ್ತಿರ ಸಹಾಯಕಳ ಕೆಲಸ ಸಿಕ್ಕರೆ ಬಿಡಬೇಡ, ಆ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ರಾತ್ರಿ ಪಾಳಿಯ ಗೋದಾಮಿನ ಕೆಲಸಕ್ಕೆ ದಯವಿಟ್ಟು ಹೋಗಬೇಡ. ಹಾಗೆ ಹೋಗಿ ಬೆಳಗಿನ ಕ್ಲಾಸಿನಲ್ಲಿ ತೂಕಡಿಸಿ, ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷಕ್ಕೆ ಎಳೆದ ನಮ್ಮ ಹುಡುಗರನ್ನು ನೋಡಿದ್ದೇನೆ. ಬುದ್ಧಿವಂತ ಹುಡುಗರೇ.

ಊಟದ ಚಿಂತೆ ಬಿಡು. ಮೆನ್ಸಾ ಅಂತ ಯೂನಿವರ್ಸಿಟಿ ಕ್ಯಾಂಟೀನ್ ಇರುತ್ತದೆ, ಅಲ್ಲಿ ದಿನಾ ಸಸ್ಯಾಹಾರಿ ಊಟ ಒಂದಾದರೂ ಇರುತ್ತದೆ. ಉಪ್ಪು ಖಾರ ನಮ್ಮದಲ್ಲ, ಅಷ್ಟೇ. ನಾನು ಬಂದದ್ದು 2012ರ ಅಕ್ಟೋಬರ್, ಶನಿವಾರ ರಾತ್ರಿ. ಮಾರನೇ ದಿನ ಭಾನುವಾರ. ಇಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ತೆಳು ಅವಲಕ್ಕಿಗೆ ನಲ್ಲಿ ನೀರು ಚಿಮುಕಿಸಿ, ಚಟ್ನಿಪುಡಿ ಕಲಸಿಕೊಂಡು ಮೂರು ಹೊತ್ತೂ ಅದನ್ನೇ ತಿಂದೆ. ಆ ಚಟ್ನಿಪುಡಿಯ ಇಂಗಿನ ವಾಸನೆ ರೂಮಿನ ತುಂಬ. ನೀನೂ ಕೈಚೀಲದಲ್ಲಿ ಅವಲಕ್ಕಿ ಇಟ್ಟುಕೋ. ದೊಡ್ಡ ಪೆಟ್ಟಿಗೆ ಒಂದೆರಡು ದಿನ ತಡವಾಗಿ ಬರುವುದೂ ಉಂಟು.

ಅಡುಗೆಮನೆ ವಿಷಯದಲ್ಲಿ ಎರಡು ಮಾತು. ಹಾಸ್ಟೆಲ್ ಆದರೆ ಒಗ್ಗರಣೆ ಹಾಕುವಾಗ ಕಿಟಕಿ ತೆಗೆ, ಕಾರಿಡಾರ್ ಕಡೆ ಬಾಗಿಲು ಮುಚ್ಚು. ಒಣಮೆಣಸಿನಕಾಯಿಯ ಘಾಟು ಕಾರಿಡಾರ್‌ಗೆ ಹೋದರೆ ಹೊಗೆ ಅಲಾರಂ ಕೂಗುತ್ತದೆ, ಇಡೀ ಕಟ್ಟಡದವರು ಕೆಳಗೆ ಬಂದು ನಿಲ್ಲಬೇಕಾಗುತ್ತದೆ, ಅಗ್ನಿಶಾಮಕದವರು ಬಂದ ಖರ್ಚು ನಿನ್ನ ತಲೆಗೆ ಬಂದರೂ ಬರಬಹುದು. ರಾತ್ರಿ ಹತ್ತರ ಮೇಲೆ, ಭಾನುವಾರ ಇಡೀ ದಿನ ಗದ್ದಲ ಮಾಡಬಾರದು. ಹಾಗಾಗಿ ದೋಸೆಗೆ ರುಬ್ಬುವುದು ಶನಿವಾರ ಹಗಲು ಮುಗಿಸು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದಿಲ್ಲ. ಓವನ್ ಒಳಗೆ ಪಾತ್ರೆ ಇಟ್ಟು, ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿಡು. ಬೆಳಿಗ್ಗೆಗೆ ಉಬ್ಬಿರುತ್ತದೆ. ಮಿಕ್ಸಿ ತರಬೇಕಾ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ತಾ. ಇಲ್ಲಿನ ಮಿಕ್ಸಿಗಳಿಗೆ ನಮ್ಮ ಉದ್ದಿನಬೇಳೆ ಆಗಿಬರುವುದಿಲ್ಲ.

ಜರ್ಮನ್ ಬರದಿದ್ದರೂ ನಿನ್ನ ಕ್ಲಾಸು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕ್ಲಾಸಿನ ಬಾಗಿಲು ದಾಟಿದ ಕೂಡಲೇ ಜರ್ಮನ್ ಬೇಕು. ಈಗಿನಿಂದಲೇ ದಿನಾ ಸ್ವಲ್ಪ ಕಲಿ.

ಇನ್ನು ನಿನ್ನ ಕೊನೆಯ ಪ್ರಶ್ನೆ. ಚಳಿ ಕಷ್ಟ ಅಲ್ಲ, ಒಳ್ಳೆ ಕೋಟು ಇದ್ದರೆ ಆಯಿತು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದು ಮನಸ್ಸಿಗೆ ಭಾರ, ಅದೂ ಅಭ್ಯಾಸ ಆಗುತ್ತದೆ. ನಿಜವಾದ ಕಷ್ಟ ಏನೆಂದರೆ, ಇಲ್ಲಿ ಯಾರೂ ನಿನ್ನನ್ನು ಕರೆದು ಹೇಳುವುದಿಲ್ಲ.

ನಮ್ಮ ಕಾಲೇಜು ಹೇಗೆ, ನಿನಗೆ ಗೊತ್ತು. ಅಟೆಂಡೆನ್ಸ್ ಕಡಿಮೆ ಆದರೆ ಲೆಕ್ಚರರ್ ಕರೆದು ಬೈಯುತ್ತಾರೆ, ಮನೆಗೆ ಫೋನ್ ಮಾಡುತ್ತಾರೆ. ಇಂಟರ್ನಲ್ಸ್ ಇರುತ್ತದೆ. ಪರೀಕ್ಷೆ ಫೀಸು ಕಟ್ಟಲು ಕೊನೆ ದಿನ ಅಂತ ಕ್ಲರ್ಕ್ ಕ್ಲಾಸಿಗೇ ಬಂದು ಕೂಗುತ್ತಾನೆ. ಇಲ್ಲಿ ಬಹುತೇಕ ಕ್ಲಾಸುಗಳಿಗೆ ಹಾಜರಿ ಇಲ್ಲ. ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ, ಎಷ್ಟೋ ವಿಷಯಗಳಲ್ಲಿ ಪೂರ್ತಿ ಮಾರ್ಕ್ಸ್ ಅದರಲ್ಲೇ. 1.0 ಅಂದರೆ ಅತಿ ಒಳ್ಳೆಯದು, 4.0ಗೆ ಪಾಸ್, 5.0 ಫೇಲ್. ಆ ಪರೀಕ್ಷೆಗೆ ನೀನೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ತಾರೀಕು ದಾಟಿದರೆ ಬರೆಯುವಂತಿಲ್ಲ. ಹೆಸರು ಕೊಟ್ಟು, ಹಿಂದೆಗೆದುಕೊಳ್ಳದೆ, ಕಾರಣ ಇಲ್ಲದೆ ಹೋಗದಿದ್ದರೆ ಫೇಲ್. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಸಲ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಆ ಕೋರ್ಸು ಅಲ್ಲಿಗೆ ಮುಗಿಯಿತು. ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಅದೇ ಕೋರ್ಸಿಗೆ ಸೇರುವುದು ಕಷ್ಟ. ಹೆದರಿಸಲು ಹೇಳುತ್ತಿಲ್ಲ. ಬಂದ ಮೊದಲ ವಾರವೇ ನಿನ್ನ ಕೋರ್ಸಿನ ನಿಯಮಾವಳಿ ತೆಗೆದು ಓದು ಅಂತ ಹೇಳುತ್ತಿದ್ದೇನೆ.

ರಿಸಲ್ಟ್ ಬಂದ ಮೇಲೆ ನಿನ್ನ ಉತ್ತರ ಪತ್ರಿಕೆ ನೋಡಲು ಒಂದು ದಿನ ಇಡುತ್ತಾರೆ. ನಮ್ಮವರು ಹೋಗುವುದಿಲ್ಲ. ಮೇಷ್ಟ್ರು ಕೊಟ್ಟ ಮಾರ್ಕ್ಸನ್ನು ಪ್ರಶ್ನೆ ಮಾಡಿದ ಹಾಗಾಗುತ್ತದಲ್ಲ ಅನ್ನೋ ಸಂಕೋಚ. ನೀನು ಹೋಗು. ಪಾಸಾಗಿದ್ದರೂ ಹೋಗು. ಎಲ್ಲಿ ಕಳೆದರು, ಯಾಕೆ ಕಳೆದರು ಅಂತ ಕೇಳು. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಸಮಾಧಾನವಾಗಿ ತೋರಿಸುತ್ತಾರೆ. ಪ್ರೊಫೆಸರ್‌ಗಳು ವಾರಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಅಂತಲೇ ಒಂದು ಗಂಟೆ ಇಟ್ಟಿರುತ್ತಾರೆ. ಆ ಹೊತ್ತಿಗೆ ಹೋದರೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಗೊತ್ತಾ?

ಕಚೇರಿಗಳಲ್ಲೂ ಹೀಗೇ. ನಾನು ಇವತ್ತಿಗೂ ಮರೆಯಲಾಗದ ವಿಷಯ ಇಲ್ಲಿದೆ. ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ನನ್ನನ್ನು ಬೆಳೆಸಿದ್ದು ಅಜ್ಜಿ, ಸಾಗರದ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಅಂತ ಶಿವಮೊಗ್ಗದಲ್ಲಿದ್ದರು. ಎಸ್‌ಎಸ್‌ಎಲ್‌ಸಿವರೆಗೂ ನಾನು ಅಜ್ಜಿ ಜೊತೆ. ನಾನು ಥೀಸಿಸ್ ಬರೆಯುತ್ತಿದ್ದ ಚಳಿಗಾಲ, ನನ್ನ ವಾಸದ ಪರ್ಮಿಟ್ ಮುಗಿಯಲು ಬಂದಿತ್ತು. ಮುಗಿಯುವುದಕ್ಕೆ ಎರಡು ತಿಂಗಳು ಮೊದಲೇ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿದ್ದೆ, ದಾಖಲೆ ಎಲ್ಲ ಕೊಟ್ಟಿದ್ದೆ. ಇಮೇಲ್ ತಲುಪಿದೆ, ಸರದಿ ಬಂದಾಗ ತಿಳಿಸುತ್ತೇವೆ ಅಂತ ತಾನಾಗಿ ಬರುವ ಉತ್ತರ ಬಂತು. ಅಷ್ಟೇ. ಪರ್ಮಿಟ್ ಕಾರ್ಡಿನ ತಾರೀಕು ದಾಟಿತು, ಅಪಾಯಿಂಟ್‌ಮೆಂಟ್ ಬರಲಿಲ್ಲ. ಇಲ್ಲಿ ಇರುವುದಕ್ಕೇನೂ ತೊಂದರೆ ಇರಲಿಲ್ಲ. ಮುಗಿಯುವ ಮೊದಲು ಅರ್ಜಿ ಹಾಕಿದ್ದರೆ ಕಾನೂನು ನಮ್ಮ ಪರ. ಆದರೆ ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬರಲು ಕೈಯಲ್ಲಿ ಕಾಗದ ಬೇಕಲ್ಲ.

ಫೆಬ್ರವರಿಯಲ್ಲಿ ಅಜ್ಜಿ ಹೋದರು. ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. ನಾನು ಎದ್ದ ಬಟ್ಟೆಯಲ್ಲೇ ಕಚೇರಿಗೆ ಓಡಿದೆ. ಬಾಗಿಲು ತೆಗೆಯುವ ಮೊದಲೇ ಹಿಮದಲ್ಲಿ ಉದ್ದನೆಯ ಸಾಲು. ಕೌಂಟರ್‌ನಲ್ಲಿದ್ದ ಹೆಂಗಸು ನನ್ನ ಮಾತು ಪೂರ್ತಿ ಕೇಳಿದರು, ಅಜ್ಜಿ ಅಂದಾಗ ತಲೆ ಎತ್ತಿ ನೋಡಿದರು ಕೂಡ. ಆಮೇಲೆ, ಅಪಾಯಿಂಟ್‌ಮೆಂಟ್ ಇಲ್ಲದೆ ಏನೂ ಮಾಡಲು ಆಗುವುದಿಲ್ಲ ಅಂದರು. ಅಪ್ಪ ಫೋನಿನಲ್ಲಿ, "ಬರಬೇಡ ಮಗಾ, ಓದು ಅರ್ಧಕ್ಕೆ ನಿಂತರೆ ಅಜ್ಜಿಗೇ ಬೇಜಾರು" ಅಂದರು. ಹನ್ನೊಂದನೇ ದಿನ, ಹನ್ನೆರಡನೇ ದಿನ, ವೈಕುಂಠ ಸಮಾರಾಧನೆ ಎಲ್ಲವನ್ನೂ ಸ್ಕೈಪ್‌ನಲ್ಲಿ ನೋಡಿದೆ. ಹಳ್ಳಿಯ ನೆಟ್‌ವರ್ಕ್, ಚಿತ್ರ ನಿಂತು ನಿಂತು ಬರುತ್ತಿತ್ತು. ಮೊಮ್ಮಕ್ಕಳಲ್ಲಿ ಅಲ್ಲಿ ಇಲ್ಲದವಳು ನಾನೊಬ್ಬಳೇ. ಆಮೇಲೆ ಇಲ್ಲಿ ಕೆಲಸ ಸಿಕ್ಕಿತು, ಮನೆ ಆಯಿತು, ಮಗಳು ಹುಟ್ಟಿದಳು, ಚೆನ್ನಾಗಿದ್ದೇವೆ. ಈ ದೇಶ ನನಗೆ ತುಂಬ ಕೊಟ್ಟಿದೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೂ ಫೆಬ್ರವರಿ ಬಂದರೆ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ.

ಹಾಗಾಗಿ ಈ ಭಾಗವನ್ನು ಎರಡು ಸಲ ಓದು. ಕಾರ್ಡ್ ಮುಗಿಯುವುದಕ್ಕೆ ಮೂರು ತಿಂಗಳಿಗಿಂತ ಮೊದಲೇ ಅರ್ಜಿ ಹಾಕು. ಉತ್ತರ ಬರಲಿ ಅಂತ ಸುಮ್ನೆ ಕೂರಬೇಡ, ಮತ್ತೆ ಬರೆ. ಮತ್ತೆ ಮತ್ತೆ ಬರೆದರೆ ಏನಂದುಕೊಳ್ಳುತ್ತಾರೋ ಅನ್ನೋ ನಾಚಿಕೆ ಇಲ್ಲಿ ಬೇಡ. ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೂ ಹೋಗಿ ಹೇಳು, ಅವರು ಹೇಳಿದರೆ ಕೆಲವೊಮ್ಮೆ ಬೇಗ ಆಗುತ್ತದೆ. ಕಾರ್ಡಿನ ತಾರೀಕು ಹತ್ತಿರ ಬಂದರೂ ಕರೆ ಬರದಿದ್ದರೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಕೊಡಿ ಅಂತ ಲಿಖಿತವಾಗಿ ಕೇಳು. ಅರ್ಜಿ ತೀರ್ಮಾನ ಆಗುವವರೆಗೆ ಕೊಡುವ ತಾತ್ಕಾಲಿಕ ಪತ್ರ ಅದು, ನಮ್ಮ ಹುಡುಗರು ಅದನ್ನು ಫಿಕ್ಷನಲ್ ಸರ್ಟಿಫಿಕೇಟ್ ಅನ್ನುತ್ತಾರೆ. ಮಡಚಿದ ಒಂದು ಕಾಗದ, ಅದರಲ್ಲಿ ವಿದೇಶಿಯರ ವಾಸದ ಕಾನೂನಿನ 81ನೇ ಕಲಮಿನ ಯಾವ ಭಾಗಕ್ಕೆ ಗುರುತು ಹಾಕಿದ್ದಾರೆ ಅಂತ ಅಲ್ಲೇ ಕೌಂಟರ್‌ನಲ್ಲೇ ನೋಡು. 4ನೇ ಉಪಕಲಮಿಗೆ ಗುರುತು ಇದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. 3ನೇದಕ್ಕೆ ಇದ್ದರೆ ಅದನ್ನು ನಂಬಿ ವಿಮಾನ ಹತ್ತಬೇಡ. ಹಳೆ ಕಾರ್ಡ್, ಪಾಸ್‌ಪೋರ್ಟ್ ಎರಡೂ ಅದರ ಜೊತೆಗೇ ಇರಲಿ. ಮನೆಯಲ್ಲಿ ವಯಸ್ಸಾದವರಿಗೆ ಹುಷಾರಿಲ್ಲ ಅಂದರೆ ಡಾಕ್ಟರ್ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ ತರಿಸಿಟ್ಟುಕೋ. ಬಾಯಿ ಮಾತಿಗಿಂತ ಕಾಗದಕ್ಕೆ ಇಲ್ಲಿ ಬೆಲೆ ಜಾಸ್ತಿ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸ ಇದೆ. ರೂಮಿಗೆ ಹೋದ ದಿನವೇ ಕೆಳಗಿನ ಅಂಚೆ ಡಬ್ಬದ ಮೇಲೆ ನಿನ್ನ ಹೆಸರು ಅಂಟಿಸು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ. ಡಬ್ಬದ ಮೇಲೆ ಹೆಸರು ಇಲ್ಲದಿದ್ದರೆ ಅಂಚೆಯವರು ಕಾಗದ ಹಾಕುವುದಿಲ್ಲ, ವಾಪಸ್ ಕಳಿಸುತ್ತಾರೆ. ಬ್ಯಾಂಕ್ ಪಿನ್, ವಿಮೆ ಕಾರ್ಡ್, ಕಚೇರಿಯ ಪತ್ರ ಎಲ್ಲ ಅಂಚೆಯಲ್ಲೇ ಬರುವುದು. ಇನಿಷಿಯಲ್ ಇರುವ ನಮ್ಮವರಿಗೆ ಇದರಲ್ಲಿ ತೊಂದರೆ ಜಾಸ್ತಿ, ಅದಕ್ಕೇ ಹೇಳಿದೆ.

ಮನೆ ಮಾಲೀಕರಿಂದ ನೀನು ಅಲ್ಲಿ ವಾಸ ಇದ್ದೀಯ ಅನ್ನೋ ಪತ್ರ ಸಹಿ ಮಾಡಿಸಿಕೊಂಡು, ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೂ ಅಪಾಯಿಂಟ್‌ಮೆಂಟ್ ಬೇಕು, ಊರು ಬಿಡುವ ಮೊದಲೇ ಆನ್‌ಲೈನ್‌ನಲ್ಲಿ ಹುಡುಕು. ಸೆಪ್ಟೆಂಬರ್ ಕೊನೆಯಾದರೂ ರೂಮ್ ಗಟ್ಟಿಯಾಗಿಲ್ಲ ಅಂದರೆ ನನಗೆ ಬರೆ. ಮಾಗ್ಡೆಬುರ್ಗ್‌ನಲ್ಲಿ ನಮಗೆ ಪರಿಚಯದ ಒಂದು ಕುಟುಂಬ ಇದೆ, ಅರಸೀಕೆರೆ ಕಡೆಯವರು. ಮೊದಲ ವಾರ ಅವರ ಮನೆಯಲ್ಲಿ ಇರಬಹುದು, ನಾನು ಮಾತಾಡಿದ್ದೇನೆ. ಆದರೆ ಆ ವಿಳಾಸಕ್ಕೆ ನೋಂದಣಿ ಮಾಡಿಸಲು ಅವರಿಂದ ಆಗುವುದಿಲ್ಲ, ಅವರದೂ ಬಾಡಿಗೆ ಮನೆ. ರೂಮ್ ಹುಡುಕುವುದನ್ನು ಈ ವಾರವೇ ಶುರು ಮಾಡು.